ಸಮುದ್ರಕ್ಕೆ ಉಸಿರುಗಟ್ಟಿದ ಕಾಲ

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮೂರ ಕೆರೆಯ ಮೀನುಗಳು ಒಮ್ಮೆಲೇ ಸತ್ತು ತೇಲುತ್ತವೆ. ನೀರಿನಲ್ಲಿ ಆಮ್ಲಜನಕ ಮುಗಿದಿದೆ ಅನ್ನುತ್ತಾರೆ. ಕೆರೆಯಾದರೆ ಸರಿ, ಚಿಕ್ಕದು. ಆದರೆ ಕೋಟ್ಯಂತರ ವರ್ಷಗಳ ಹಿಂದೆ ಇಡೀ ಸಮುದ್ರವೇ ಹೀಗೆ ಉಸಿರುಗಟ್ಟಿ, ಅದರೊಳಗಿನ ಬಹುಪಾಲು ಜೀವಿಗಳು ಸತ್ತವೆಂದು ಓದಿದೆ. ಅಷ್ಟು ದೊಡ್ಡ ಸಮುದ್ರಕ್ಕೆ ಹಾಗಾಗಲು ಸಾಧ್ಯವೇ? ಆಗ ಚರಂಡಿ ನೀರು ಬಿಡಲು ಮನುಷ್ಯರೂ ಇರಲಿಲ್ಲವಲ್ಲ? ನೋಡಿದವರೇ ಇಲ್ಲದಿರುವಾಗ ಇದೆಲ್ಲ ಗೊತ್ತಾದದ್ದು ಹೇಗೆ?
— ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಅರ್ಧ ಉತ್ತರ ನಿಮ್ಮೂರ ಕೆರೆಯಲ್ಲೇ ಇದೆ. ಹಾಗಾಗಿ ಸಮುದ್ರಕ್ಕೆ ಇಳಿಯುವ ಮೊದಲು ಕೆರೆ ಏರಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ನಾವು ಉಸಿರಾಡುವ ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಮಂಜುಗಡ್ಡೆಯಷ್ಟು ತಣ್ಣಗಿರುವ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಹೀರಿ ಇಟ್ಟುಕೊಳ್ಳಬಲ್ಲದ್ದು 14.6 ಮಿಲಿಗ್ರಾಂ ಅಷ್ಟೇ. ಅದೇ ನೀರು 30 ಡಿಗ್ರಿಗೆ ಬಿಸಿಯಾದರೆ ಈ ಅಳತೆ ಏಳೂವರೆಗೆ ಇಳಿಯುತ್ತದೆ. ಉಪ್ಪು ಬೆರೆತರೆ ಇನ್ನೂ ಕಡಿಮೆ. ಅಷ್ಟೇ ಬಿಸಿಯ ಸಮುದ್ರದ ನೀರಿಗೆ ಆರರ ಆಸುಪಾಸು. ಉಸಿರಿನ ವಿಷಯದಲ್ಲಿ ನೀರಿನ ಜೀವಿಗಳು ಹುಟ್ಟುಬಡವರು. ಮೀನು, ಸಿಗಡಿ, ಏಡಿಗಳ ಮೈ ಸುತ್ತಲಿನ ನೀರಿನಷ್ಟೇ ಬಿಸಿ ಇರುತ್ತದೆ. ನೀರು ಹತ್ತು ಡಿಗ್ರಿ ಬಿಸಿಯಾದರೆ ಅವುಗಳ ಮೈಯೊಳಗಿನ ಕೆಲಸ ಹೆಚ್ಚುಕಡಿಮೆ ಎರಡು ಪಟ್ಟು ವೇಗವಾಗಿ ನಡೆಯುತ್ತದೆ, ಬೇಕಾಗುವ ಆಮ್ಲಜನಕವೂ ಅಷ್ಟೇ ಏರುತ್ತದೆ. ನೀರಿನ ಕೈ ಬಿಗಿಯಾದ ಹೊತ್ತಿಗೇ ಮೈಯ ಹಸಿವು ಹೆಚ್ಚುತ್ತದೆ. ಸಂಬಳ ಅರ್ಧವಾದ ತಿಂಗಳೇ ಮನೆತುಂಬ ನೆಂಟರು ಬಂದ ಹಾಗೆ.

ಕೆರೆಗೆ ಚರಂಡಿ ನೀರು ಸೇರಿದರೆ ಕಥೆ ಇನ್ನೂ ಕೆಡುತ್ತದೆ. ಚರಂಡಿಯಲ್ಲಿರುವ ರಂಜಕ, ಸಾರಜನಕಗಳು ಪಾಚಿಗೆ ಗೊಬ್ಬರ. ಪಾಚಿ ಹುಲುಸಾಗಿ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುತ್ತದೆ. ಕೊಳೆಸುವ ಬ್ಯಾಕ್ಟೀರಿಯಾಗಳು ಉಳಿದ ಆಮ್ಲಜನಕವನ್ನು ಉಣ್ಣುತ್ತವೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ದಡಕ್ಕೆ ಬಂದಿದ್ದು ಅನೇಕರಿಗೆ ನೆನಪಿರಬಹುದು. ಬಿಸಿ, ಗೊಬ್ಬರ, ಕೊಳೆತ ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಸಮುದ್ರವನ್ನು ಕೊಂದದ್ದೂ ಇವೇ. ಕೆರೆಗೆ ಒಂದು ವಾರ ಹಿಡಿದ ಕೆಲಸಕ್ಕೆ ಸಮುದ್ರದಲ್ಲಿ ಹತ್ತಾರು ಸಾವಿರ ವರ್ಷ ಹಿಡಿಯಿತು.

ನೀವು ಓದಿದ್ದು ಬಹುಶಃ ಪರ್ಮಿಯನ್ ಅವಧಿಯ ಕೊನೆಯಲ್ಲಿ ನಡೆದ ಮಹಾ ಅಳಿವಿನ ಬಗ್ಗೆ. ಈಗಿನಿಂದ 25 ಕೋಟಿ 20 ಲಕ್ಷ ವರ್ಷಗಳ ಹಿಂದಿನ ಮಾತು. ಆಗ ಭೂಖಂಡಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಪ್ಯಾಂಜಿಯಾ ಎಂಬ ಒಂದೇ ನೆಲವಾಗಿದ್ದವು. ಉಳಿದದ್ದೆಲ್ಲ ಪ್ಯಾಂಥಲಾಸಾ ಎಂಬ ಒಂದೇ ಮಹಾಸಾಗರ. ನಮ್ಮ ಭಾರತ ದಕ್ಷಿಣ ಗೋಲಾರ್ಧದಲ್ಲಿ, ಆಫ್ರಿಕಾ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾಗಳ ನಡುವೆ ಸಿಕ್ಕಿಕೊಂಡಿತ್ತು. ಅದರ ಉತ್ತರದ ಅಂಚಿಗೆ ಟೆಥಿಸ್ ಎಂಬ ಸಮುದ್ರದ ಅಲೆ ಬಡಿಯುತ್ತಿತ್ತು. ಆ ಅಂಚಿನ ಕೆಸರೇ ಈಗ ಹಿಮಾಲಯದಲ್ಲಿ ಕಲ್ಲಾಗಿ ನಿಂತಿದೆ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಷ್ಟು ಜೀವಿಗಳು ಸತ್ತವು? ಪಠ್ಯಪುಸ್ತಕಗಳಲ್ಲಿ ಸಮುದ್ರದ ಪ್ರಭೇದಗಳಲ್ಲಿ ನೂರಕ್ಕೆ 96 ಅಳಿದವು ಎಂದು ಬರೆದಿರುತ್ತಾರೆ. ಅದು 1979ರಲ್ಲಿ ಡೇವಿಡ್ ರಾಪ್ ಎಂಬ ಪಳೆಯುಳಿಕೆ ವಿಜ್ಞಾನಿ ಹಾಕಿದ ಗರಿಷ್ಠ ಲೆಕ್ಕ. 2016ರಲ್ಲಿ ಸ್ಟೀವನ್ ಸ್ಟಾನ್ಲಿ ಮತ್ತೆ ಲೆಕ್ಕಹಾಕಿ 81 ಎಂದರು. ನನಗೆ 81 ಹೆಚ್ಚು ನಂಬಬಹುದಾದ ಸಂಖ್ಯೆ ಅನ್ನಿಸುತ್ತದೆ. 96 ಎಂದು ಉರು ಹೊಡೆದವರು ಬೇಜಾರು ಮಾಡಿಕೊಳ್ಳಬಾರದು. ಐದರಲ್ಲಿ ನಾಲ್ಕು ಹೋದರೂ ಅದು ಸಣ್ಣ ಸಾವಲ್ಲ. ಸುಮಾರು 27 ಕೋಟಿ ವರ್ಷ ಸಮುದ್ರದಲ್ಲಿ ಬಾಳಿದ್ದ ಟ್ರೈಲೊಬೈಟುಗಳೆಂಬ ಜೀವಿಗಳ ವಂಶ ಅಲ್ಲಿಗೆ ನಿರ್ವಂಶವಾಯಿತು. ಆ ಕಾಲದ ಹವಳಗಳು ಒಂದೂ ಉಳಿಯಲಿಲ್ಲ. ಇವತ್ತು ಲಕ್ಷದ್ವೀಪದಲ್ಲಿ ನೀವು ನೋಡುವ ಹವಳಗಳು ಬೇರೆಯೇ ಮನೆತನದವು. ಅವು ಕಾಣಿಸಿಕೊಂಡದ್ದು ಇದಾಗಿ ಎಷ್ಟೋ ಲಕ್ಷ ವರ್ಷಗಳ ಮೇಲೆ, ಪರ್ಮಿಯನ್ನಿನ ನಂತರದ ಟ್ರಯಾಸಿಕ್ ಅವಧಿಯ ನಡುವಿನಲ್ಲಿ.

ಇಷ್ಟಕ್ಕೆಲ್ಲ ಒಲೆ ಹೊತ್ತಿದ್ದು ಸೈಬೀರಿಯಾದಲ್ಲಿ. ಜ್ವಾಲಾಮುಖಿ ಎಂದರೆ ನಮ್ಮ ಕಣ್ಣಿಗೆ ಬರುವುದು ತುದಿಯಲ್ಲಿ ಹೊಗೆಯಾಡುವ ಬೆಟ್ಟ. ಇದು ಅಂಥದ್ದಲ್ಲ. ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ, ಹರಿದು, ಆರಿ, ಅದರ ಮೇಲೆ ಮತ್ತೆ ಉಕ್ಕಿ, ಪದರದ ಮೇಲೆ ಪದರವಾಗಿ ಲಕ್ಷಾಂತರ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿತು. ಒಟ್ಟು 30 ಲಕ್ಷ ಘನ ಕಿಲೋಮೀಟರಿಗಿಂತ ಹೆಚ್ಚು ಕರಗಿದ ಕಲ್ಲು ಮೇಲೆ ಬಂದಿರಬೇಕೆಂದು ಅಂದಾಜು. ಅಲ್ಲಿನ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದರಿಂದ ಅವಕ್ಕೆ ಸೈಬೀರಿಯನ್ ಟ್ರ್ಯಾಪ್ಸ್ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ ಟ್ರಾಪ ಅನ್ನುತ್ತಾರೆ. ವಿಜಯಪುರ, ಕಲಬುರಗಿ, ಬೀದರ್ ಕಡೆಯವರಿಗೆ ಇಂಥ ಮೆಟ್ಟಿಲು ಗುಡ್ಡ, ಕಪ್ಪು ಕಲ್ಲು ಹೊಸದಲ್ಲ. ನಮ್ಮ ಡೆಕ್ಕನ್ ಟ್ರ್ಯಾಪ್ ಕೂಡ ಇದೇ ಜಾತಿಯದು, ವಯಸ್ಸಿನಲ್ಲಿ ಬಹಳ ಕಿರಿಯದು.

ಆದರೆ ಸಮುದ್ರವನ್ನು ಕೊಂದ ಆರೋಪವನ್ನು ಲಾವಾದ ಮೇಲೆ ಹೊರಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಸೇತ್ ಬರ್ಜೆಸ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ ಪ್ರಕಾರ, ಅಳಿವು ಶುರುವಾಗುವುದಕ್ಕೆ ಸುಮಾರು 3 ಲಕ್ಷ ವರ್ಷ ಮೊದಲಿನಿಂದಲೇ ಸೈಬೀರಿಯಾದಲ್ಲಿ ಲಾವಾ ಧಾರಾಳವಾಗಿ ಹರಿಯುತ್ತಿತ್ತು. ಸಮುದ್ರ ಹೇಗೋ ತಡೆದುಕೊಂಡಿತ್ತು. ಆಮೇಲೆ ಕರಗಿದ ಕಲ್ಲು ಮೇಲೆ ಬರುವುದನ್ನು ಬಿಟ್ಟು ನೆಲದೊಳಗೇ ಪದರಗಳ ನಡುವೆ ಅಡ್ಡಡ್ಡ ನುಗ್ಗತೊಡಗಿತು. ಪೆಟ್ಟು ಬಿದ್ದದ್ದು ಆಗ. ಯಾಕೆಂದರೆ ಅಲ್ಲಿನ ತುಂಗುಸ್ಕಾ ಜಲಾನಯನದ ನೆಲದಡಿ ಇದ್ದದ್ದು ಬರೀ ಬಂಡೆಯಲ್ಲ. ಕಲ್ಲಿದ್ದಲು, ಎಣ್ಣೆ ತುಂಬಿದ ಜೇಡಿಪದರ, ಉಪ್ಪಿನ ಗಣಿಯಂಥ ದಪ್ಪ ಉಪ್ಪು, ಸುಣ್ಣಕಲ್ಲು. ಸುಣ್ಣದ ಗೂಡಿನಲ್ಲಿ ಕಪ್ಪೆಚಿಪ್ಪು ಸುಡುವುದನ್ನು ಕರಾವಳಿಯವರು ನೋಡಿರುತ್ತಾರೆ. ಸುಟ್ಟಾಗ ಚಿಪ್ಪಿನಿಂದ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಉಳಿಯುತ್ತದೆ. ಸೈಬೀರಿಯಾದ ಅಡಿಯಲ್ಲಿ ಒಂದು ದೇಶದಷ್ಟು ಅಗಲದ ಸುಣ್ಣದ ಗೂಡು ಉರಿಯಿತು. ಜೊತೆಗೆ ಅದೇ ಗೂಡಿನೊಳಗೆ ಕಲ್ಲಿದ್ದಲಿನ ಮಳಿಗೆಯೂ ಬೆಂದಿತು. ಒಳಗೆ ಸೇರಿದ ಅನಿಲ ನೆಲವನ್ನು ಸೀಳಿಕೊಂಡು ಹೊರಬಂದ ಕೊಳವೆಯಾಕಾರದ ಗಾಯಗಳು ಅಲ್ಲಿ ಇಂದಿಗೂ ನೂರಾರು ಇವೆ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು ಆರು ಪಟ್ಟು ಹೆಚ್ಚಿತೆಂದು 2021ರ ಒಂದು ಅಧ್ಯಯನ ಹೇಳುತ್ತದೆ. ಭೂಮಿ ಕಾದಿತು. ಉಷ್ಣವಲಯದ ಸಮುದ್ರದ ಮೇಲ್ಮೈ ಬಿಸಿ ಎಂಟು ಹತ್ತು ಡಿಗ್ರಿ ಏರಿತು. ನಂತರದ ಆದಿ ಟ್ರಯಾಸಿಕ್ ಕಾಲದಲ್ಲಂತೂ ಸಮಭಾಜಕದ ಬಳಿ ಅದು 40 ಡಿಗ್ರಿಯ ಹತ್ತಿರ ಮುಟ್ಟಿತ್ತೆಂದು ಚೀನಾದ ಪಳೆಯುಳಿಕೆಗಳನ್ನು ಓದಿದವರು 2012ರಲ್ಲಿ ಬರೆದರು. ನಾವು ಸ್ನಾನಕ್ಕೆ ಹದ ಮಾಡಿಕೊಳ್ಳುವ ನೀರಿನ ಬಿಸಿ ಅದು. ಅದರಲ್ಲಿ ಮೀನು ಬದುಕುವುದು ಕಷ್ಟ.

ಸ್ನಾನದ ಮಾತು ಬಂತಲ್ಲ, ಬಚ್ಚಲಿನ ಹಂಡೆಯನ್ನೇ ನೋಡಿ. ಒಲೆ ಕೆಳಗಿದೆ. ಕೆಳಗಿನ ನೀರು ಬಿಸಿಯಾಗಿ ಹಗುರಾಗಿ ಮೇಲೇರುತ್ತದೆ, ಮೇಲಿನ ತಣ್ಣೀರು ಇಳಿಯುತ್ತದೆ. ಹಂಡೆ ತನ್ನಷ್ಟಕ್ಕೆ ಕಲಸಿಕೊಳ್ಳುತ್ತದೆ. ಸಮುದ್ರದ ಒಲೆ ಮೇಲಿದೆ, ಸೂರ್ಯ. ಬಿಸಿನೀರು ಮೇಲೇ ತೇಲುತ್ತದೆ, ತಣ್ಣೀರು ಕೆಳಗೇ ಮಲಗಿರುತ್ತದೆ, ಎರಡೂ ಬೆರೆಯುವುದಿಲ್ಲ. ಹಾಗಾದರೆ ನಾಲ್ಕು ಕಿಲೋಮೀಟರ್ ಆಳದಲ್ಲಿರುವ ಜೀವಿಗಳಿಗೆ ಇವತ್ತು ಆಮ್ಲಜನಕ ಮುಟ್ಟಿಸುವವರು ಯಾರು? ಧ್ರುವಗಳು. ಗ್ರೀನ್‌ಲ್ಯಾಂಡಿನ ಆಸುಪಾಸಿನಲ್ಲೂ ಅಂಟಾರ್ಕ್ಟಿಕಾದ ಅಂಚಿನಲ್ಲೂ ಮೇಲ್ಮೈ ನೀರು ವಿಪರೀತ ತಣ್ಣಗಾಗಿ, ಭಾರವಾಗಿ, ಹೊಟ್ಟೆತುಂಬ ಆಮ್ಲಜನಕ ಹೊತ್ತುಕೊಂಡು ತಳಕ್ಕಿಳಿಯುತ್ತದೆ. ಅಲ್ಲಿಂದ ತಳದುದ್ದಕ್ಕೂ ತೆವಳಿ ಜಗತ್ತನ್ನು ಸುತ್ತಲು ಅದಕ್ಕೆ ಸಾವಿರ ವರ್ಷದ ಲೆಕ್ಕ ಬೇಕು. ಸಮುದ್ರದ ಒಂದು ಉಸಿರು ಅಷ್ಟು ನಿಧಾನ. ಧ್ರುವಗಳು ಬೆಚ್ಚಗಾದರೆ ಈ ಇಳಿಯುವ ನೀರು ಕುಂಠಿತವಾಗುತ್ತದೆ. ಇಳಿದ ನೀರಿನಲ್ಲೂ ಮೊದಲಿನಷ್ಟು ಆಮ್ಲಜನಕ ಇರುವುದಿಲ್ಲ. ಕೆರೆ ಎಷ್ಟು ದೊಡ್ಡದೆಂಬುದು ಇಲ್ಲಿ ಮುಖ್ಯವಲ್ಲ. ಅದನ್ನು ಕಲಸುವವರು ಇದ್ದಾರೆಯೇ ಎಂಬುದು ಮುಖ್ಯ. ಸಮುದ್ರ ದೊಡ್ಡದಾದಷ್ಟೂ ಕಲಸುವುದು ಕಷ್ಟ.

ಚರಂಡಿ ಬಿಡಲು ಮನುಷ್ಯರಿರಲಿಲ್ಲ ಎಂದಿರಿ. ಮಳೆ ಇತ್ತಲ್ಲ. ಕಾಡು ಅಳಿದ ನೆಲದ ಮೇಲೆ ಬಿಸಿಯಾದ, ಆಮ್ಲ ಬೆರೆತ ಮಳೆ ಸುರಿಯಿತು. ಆ ಕಾಲದ ದಕ್ಷಿಣದ ನೆಲವನ್ನೆಲ್ಲ ಆವರಿಸಿದ್ದದ್ದು ಗ್ಲಾಸೊಪ್ಟೆರಿಸ್ ಎಂಬ ಮರಗಳ ಕಾಡು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಉರಿದ ಸಿಂಗರೇಣಿ ಕಲ್ಲಿದ್ದಲು ಅದೇ ಕಾಡಿನ ಅವಶೇಷ. ಆ ಕಾಡು ಈ ಅಳಿವಿನಲ್ಲಿ ಮುಗಿಯಿತು, ಎಷ್ಟರಮಟ್ಟಿಗೆ ಎಂದರೆ ಮುಂದಿನ ಸುಮಾರು ಒಂದು ಕೋಟಿ ವರ್ಷಗಳ ಬಂಡೆಯಲ್ಲಿ ಜಗತ್ತಿನ ಎಲ್ಲಿಯೂ ಕಲ್ಲಿದ್ದಲು ಸಿಗುವುದಿಲ್ಲ. ಬೇರಿನ ಹಿಡಿತ ತಪ್ಪಿದ ಮಣ್ಣು ಕೊಚ್ಚಿಕೊಂಡು ಸಮುದ್ರಕ್ಕೆ ಹೋಯಿತು, ಕಲ್ಲು ಕರಗಿ ರಂಜಕ ಬಿಟ್ಟಿತು, ಪಾಚಿ ಹಬ್ಬ ಮಾಡಿತು. ಮುಂದಿನದು ನಿಮ್ಮ ಕೆರೆಯ ಕಥೆಯೇ.

ಕೆರೆಯಲ್ಲಿ ಸಾಮಾನ್ಯವಾಗಿ ನಡೆಯದ ಇನ್ನೊಂದು ಸಂಗತಿ ಸಮುದ್ರದಲ್ಲಿ ನಡೆಯಿತು. ಸಮುದ್ರದ ಉಪ್ಪಿನಲ್ಲಿ ಸಲ್ಫೇಟ್ ಧಾರಾಳವಾಗಿದೆ. ಆಮ್ಲಜನಕ ಪೂರ್ತಿ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಸಲ್ಫೇಟನ್ನೇ ಉಸಿರಾಡಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಪ್ರಾಣಿಗಳಿಗೆ ವಿಷ. ಇವತ್ತಿನ ಕಪ್ಪು ಸಮುದ್ರದಲ್ಲಿ ಇನ್ನೂರು ಮೀಟರ್ ಕೆಳಗೆ ಇದೇ ಸ್ಥಿತಿ. ಅದರ ನೀರಿನಲ್ಲಿ ಹತ್ತಕ್ಕೆ ಒಂಬತ್ತು ಪಾಲಿನಲ್ಲಿ ಮೀನು ಬದುಕುವಂತಿಲ್ಲ. ಪರ್ಮಿಯನ್ನಿನ ಕೊನೆಯಲ್ಲಿ ಇಂಥ ನೀರು ಹಲವು ಕಡೆ ಮೇಲ್ಪದರದವರೆಗೂ ಏರಿತ್ತು.

ಇನ್ನು ಆಮ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಸಮುದ್ರವೂ ಅದನ್ನು ಹೆಚ್ಚು ಹೀರುತ್ತದೆ, ನೀರು ಸೋಡಾದ ದಿಕ್ಕಿಗೆ ವಾಲುತ್ತದೆ. ಚಿಪ್ಪು ಕಟ್ಟುವ ಜೀವಿಗಳಿಗೆ ಸುಣ್ಣ ಕೂಡಿಸುವುದು ಕಷ್ಟವಾಗುತ್ತದೆ. ಇಲ್ಲೊಂದು ಪಕ್ಷಪಾತ ಕಾಣುತ್ತದೆ. ಹವಳ, ಬ್ರಾಕಿಯೊಪಾಡುಗಳಂಥ, ದಪ್ಪ ಸುಣ್ಣದ ಮನೆ ಕಟ್ಟಿ ನಿಧಾನ ಬದುಕುವ ಜೀವಿಗಳು ಭಾರೀ ಪ್ರಮಾಣದಲ್ಲಿ ಸತ್ತವು. ಬ್ರಾಕಿಯೊಪಾಡು ನೋಡಲು ಕಪ್ಪೆಚಿಪ್ಪಿನಂತೆಯೇ, ಕುಲ ಬೇರೆ. ಚುರುಕು ಉಸಿರಾಟದ, ಮೈಯೊಳಗಿನ ಆಮ್ಲವನ್ನು ನಿಭಾಯಿಸಬಲ್ಲ ಮೀನು, ಶಂಖ, ಕಪ್ಪೆಚಿಪ್ಪುಗಳು ಅವಕ್ಕೆ ಹೋಲಿಸಿದರೆ ಹೆಚ್ಚು ಉಳಿದವು. ಇವತ್ತು ಕಡಲ ತೀರದಲ್ಲಿ ಹೆಕ್ಕಲು ಕಪ್ಪೆಚಿಪ್ಪು ಸಿಗುತ್ತದೆ, ಬ್ರಾಕಿಯೊಪಾಡು ಸಿಗುವುದಿಲ್ಲ. ಈ ವ್ಯತ್ಯಾಸದ ಬೇರು ಅಲ್ಲಿದೆ.

ಎಲ್ಲಿ ಹೆಚ್ಚು ಸತ್ತವು ಎಂದು ನಿಮ್ಮನ್ನೇ ಕೇಳಿದರೆ, ಕುದಿಯುತ್ತಿದ್ದ ಸಮಭಾಜಕದ ಬಳಿ ಎಂದೇ ಹೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. 2018ರಲ್ಲಿ ಜಸ್ಟಿನ್ ಪೆನ್, ಕರ್ಟಿಸ್ ಡಾಯ್ಚ್ ಮತ್ತು ಜೊತೆಗಾರರು ಆ ಕಾಲದ ಸಮುದ್ರವನ್ನು ಕಂಪ್ಯೂಟರಿನಲ್ಲಿ ಕಟ್ಟಿ ಕಾಯಿಸಿ ನೋಡಿದರು. ಸಮುದ್ರ ತನ್ನ ಆಮ್ಲಜನಕದಲ್ಲಿ ಮುಕ್ಕಾಲು ಭಾಗ ಕಳೆದುಕೊಂಡಿತು. ಬಿಸಿ ಮತ್ತು ಉಸಿರಿನ ಕೊರತೆ ಇವೆರಡೇ ಅರ್ಧಕ್ಕಿಂತ ಹೆಚ್ಚು ಅಳಿವನ್ನು ವಿವರಿಸಿದವು. ಆದರೆ ಅಳಿವಿನ ಪ್ರಮಾಣ ಸಮಭಾಜಕಕ್ಕಿಂತ ಧ್ರುವಗಳ ಕಡೆಗೆ ಹೆಚ್ಚು ಎಂದು ಲೆಕ್ಕ ಹೇಳಿತು. ಪಳೆಯುಳಿಕೆಗಳನ್ನು ಎಣಿಸಿದಾಗ ಅವೂ ಅದನ್ನೇ ಹೇಳಿದವು. ಕಾರಣ ಸರಳ. ಸಮಭಾಜಕದ ಜೀವಿಗಳು ಬಿಸಿನೀರು, ಕಡಿಮೆ ಆಮ್ಲಜನಕಕ್ಕೆ ಮೊದಲಿನಿಂದಲೇ ಒಗ್ಗಿದ್ದವು. ಸಹಿಸಲಾಗದಿದ್ದಾಗ ಧ್ರುವದ ಕಡೆಗೆ ಜಾಗ ಬದಲಿಸಲು ದಾರಿಯಿತ್ತು. ತಣ್ಣನೆಯ, ಆಮ್ಲಜನಕ ತುಂಬಿದ ನೀರಿಗೆ ಒಗ್ಗಿದ್ದ ಧ್ರುವವಾಸಿಗಳಿಗೆ ಅದಕ್ಕಿಂತ ತಣ್ಣನೆಯ ಊರು ಇರಲಿಲ್ಲ. ತಪ್ಪಿಸಿಕೊಳ್ಳಲು ನಕ್ಷೆಯಲ್ಲಿ ಜಾಗ ಮುಗಿದಿತ್ತು.

ಈಗ ನಿಮ್ಮ ಕೊನೆಯ ಪ್ರಶ್ನೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ನೋಡಿದವರಿಲ್ಲ, ನಿಜ. ಆದರೆ ಕೆಸರು ಇತ್ತು. ಸಮುದ್ರದ ತಳಕ್ಕೆ ದಿನವೂ ಬೀಳುವ ಕೆಸರು ಬ್ಯಾಂಕಿನ ಪಾಸ್‌ಬುಕ್ ಇದ್ದ ಹಾಗೆ, ಆಯಾ ಕಾಲದ ನೀರಿನ ಲೆಕ್ಕವನ್ನು ಸಾಲುಸಾಲಾಗಿ ಬರೆದಿಟ್ಟುಕೊಳ್ಳುತ್ತದೆ.

ಇದರ ಅತ್ಯುತ್ತಮ ಪ್ರತಿ ಇರುವುದು ಚೀನಾದ ಜೆಜಿಯಾಂಗ್ ಪ್ರಾಂತ್ಯದ ಮೀಶಾನ್ ಎಂಬಲ್ಲಿ, ಹಳೆಯ ಸುಣ್ಣಕಲ್ಲಿನ ಗಣಿಯೊಂದರಲ್ಲಿ. ಅಲ್ಲಿ ಪದರಗಳಿಗೆ ನಂಬರು ಕೊಟ್ಟಿದ್ದಾರೆ. 24ನೆಯ ಪದರದವರೆಗೆ ಸುಣ್ಣಕಲ್ಲಿನಲ್ಲಿ ಪಳೆಯುಳಿಕೆಗಳ ಜಾತ್ರೆ. 25ನೆಯದು ಕೆಲವೇ ಸೆಂಟಿಮೀಟರ್ ದಪ್ಪದ ಮಸುಕು ಜೇಡಿ, ಜ್ವಾಲಾಮುಖಿಯ ಬೂದಿ ಕಲ್ಲಾದದ್ದು. ಅದನ್ನು ದಾಟಿದರೆ ಕಪ್ಪು ಕೆಸರು, ಹೆಚ್ಚುಕಡಿಮೆ ಖಾಲಿ. ಬೂದಿಯಲ್ಲಿ ಜಿರ್ಕಾನ್ ಎಂಬ ಪುಟ್ಟ ಹರಳುಗಳಿರುತ್ತವೆ. ಅವುಗಳೊಳಗಿನ ಯುರೇನಿಯಂ ಗೊತ್ತಾದ ಗತಿಯಲ್ಲಿ ಸೀಸವಾಗುತ್ತದೆ. ಎರಡನ್ನೂ ಅಳೆದರೆ ಹರಳಿನ ವಯಸ್ಸು ಸಿಗುತ್ತದೆ. ಹೀಗೆ ಅಳೆದ ಬರ್ಜೆಸ್, ಬೌರಿಂಗ್ ಮತ್ತು ಶೆನ್ ಅಳಿವಿನ ಮುಖ್ಯ ಘಟ್ಟ ಸುಮಾರು 60 ಸಾವಿರ ವರ್ಷಗಳಲ್ಲಿ ಮುಗಿದಿತ್ತೆಂದು 2014ರಲ್ಲಿ ಹೇಳಿದರು. ಲೆಕ್ಕದಲ್ಲಿ ಹಿಂದುಮುಂದಾಗುವ ಅವಕಾಶ 48 ಸಾವಿರ ವರ್ಷ. ಇಪ್ಪತ್ತೈದು ಕೋಟಿ ವರ್ಷ ಹಿಂದಿನ ಸಂಗತಿಯನ್ನು ಇಷ್ಟು ಬಿಗಿಯಾಗಿ ಅಳೆದದ್ದು ಸಣ್ಣ ಸಾಧನೆಯಲ್ಲ. ಪರ್ಮಿಯನ್ ಮುಗಿದು ಟ್ರಯಾಸಿಕ್ ಶುರುವಾಗುವ ಗಡಿಕಲ್ಲು ಜಗತ್ತಿಗೆಲ್ಲ ಇದೇ ಮೀಶಾನ್ ಎಂದು 2001ರಲ್ಲಿ ತೀರ್ಮಾನವಾಯಿತು.

ಆ ಪಟ್ಟಕ್ಕೆ ನಮ್ಮ ಕಾಶ್ಮೀರವೂ ಉಮೇದುವಾರನಾಗಿತ್ತು ಎಂಬುದು ಹೆಚ್ಚಿನವರಿಗೆ ತಿಳಿಯದು. ಶ್ರೀನಗರದ ಹೊರವಲಯದ ಖುನ್ಮೋಹ್ ಬಳಿ ಗುರ್ಯುಲ್ ಎಂಬ ಕಣಿವೆಯಿದೆ. ಟೆಥಿಸ್ ಸಮುದ್ರದ ತಳದ ಕೆಸರು ಅಲ್ಲಿ ಪರ್ಮಿಯನ್ನಿನಿಂದ ಟ್ರಯಾಸಿಕ್ಕಿಗೆ ಹೆಚ್ಚು ಹಾಳೆ ಹರಿಯದೆ ದಾಟಿದೆ. ಹಿಮಾಚಲದ ಸ್ಪಿತಿಯಲ್ಲೂ ಇದೇ ಗಡಿ ಕಾಣುತ್ತದೆ. ಹಿಮಾಲಯದ ಈ ಪದರಗಳಿಂದ ಸಿಕ್ಕ ಸುರುಳಿಚಿಪ್ಪಿನ ಜೀವಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕಾರ್ಲ್ ಗ್ರೀಸ್‌ಬಾಖ್ 1880ರಲ್ಲಿ ಓಟೊಸೆರಾಸ್ ಎಂದು ಹೆಸರಿಟ್ಟ. ಬಹಳ ಕಾಲ ಟ್ರಯಾಸಿಕ್ಕಿನ ಹೊಸಿಲು ಎಂದು ಲೋಕವೆಲ್ಲ ಒಪ್ಪಿದ್ದದ್ದು ಈ ಓಟೊಸೆರಾಸ್ ಇರುವ ಪದರವನ್ನೇ.

ಉಸಿರುಗಟ್ಟಿದ್ದು ತಿಳಿಯುವ ಬಗೆ ಹೀಗೆ. ತಳದಲ್ಲಿ ಆಮ್ಲಜನಕ ಇದ್ದರೆ ಹುಳುಗಳು ಕೆಸರನ್ನು ಕೊರೆದು, ಉತ್ತು, ಪದರಗಳನ್ನು ಕಲಸಿಬಿಡುತ್ತವೆ. ಇಲ್ಲದಿದ್ದರೆ ಕೆಸರು ಪುಸ್ತಕದ ಹಾಳೆಗಳಂತೆ ತೆಳ್ಳಗೆ, ಅಲುಗದೆ ಕೂತಿರುತ್ತದೆ. ಗಡಿಯ ಮೇಲಿನ ಬಂಡೆಗಳು ಎಷ್ಟೋ ಕಡೆ ಹೀಗಿವೆ. ಅದೇ ಬಂಡೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಪೈರೈಟ್ ಎಂಬ ಕಬ್ಬಿಣದ ಸಲ್ಫೈಡಿನ ಹರಳುಗಳು ಒಂದಕ್ಕೊಂದು ಅಂಟಿ ಎಳ್ಳುಂಡೆಯ ಹಾಗೆ ಆಗಿರುವುದು ಕಾಣುತ್ತದೆ. ಸಲ್ಫೈಡ್ ತುಂಬಿದ ನೀರಿನಲ್ಲೇ ಹುಟ್ಟಿದ ಉಂಡೆಗಳು ತೀರಾ ಪುಟ್ಟವು, ಮಿಲಿಮೀಟರಿನ ಸಾವಿರದಲ್ಲಿ ಐದಾರು ಭಾಗ. ಗಾತ್ರ ಅಳೆದರೆ ನೀರಿನ ಸ್ಥಿತಿ ತಿಳಿಯುತ್ತದೆ. ಇನ್ನೊಂದು ಸಾಕ್ಷಿ, ಬೆಳಕೂ ಬೇಕು ಹೈಡ್ರೋಜನ್ ಸಲ್ಫೈಡೂ ಬೇಕು ಎನ್ನುವ ಹಸಿರು ಗಂಧಕ ಬ್ಯಾಕ್ಟೀರಿಯಾಗಳ ಬಣ್ಣದ ಅವಶೇಷ. ಅದು ಮೀಶಾನಿನಲ್ಲೂ ಆಸ್ಟ್ರೇಲಿಯಾದ ಪರ್ತ್ ಜಲಾನಯನದಲ್ಲೂ ಸಿಕ್ಕಿದೆ ಎಂದು ಕ್ಲಿಟಿ ಗ್ರೈಸ್ ಮತ್ತು ಸಂಗಡಿಗರು 2005ರಲ್ಲಿ ತಿಳಿಸಿದರು. ಬೆಳಕು ತಲುಪುವಷ್ಟು ಮೇಲೆಯೇ ವಿಷವಿತ್ತು ಎಂಬುದಕ್ಕೆ ಇದಕ್ಕಿಂತ ನೇರ ರುಜುವಾತು ಬೇಡ.

ಬಿಸಿಯನ್ನು ಅಳೆದದ್ದು ಕೊನೊಡಾಂಟ್ ಎಂಬ ಹಾವುಮೀನಿನಂಥ ಪುಟ್ಟ ಜೀವಿಯ ಹಲ್ಲಿನಿಂದ. ಆಮ್ಲಜನಕದಲ್ಲಿ ಹಗುರದ್ದು, ಭಾರದ್ದು ಎಂದು ಬಗೆಗಳಿವೆ. ನೀರು ಬಿಸಿಯಾದಷ್ಟೂ ಹಲ್ಲಿಗೆ ಸೇರುವ ಭಾರದ್ದರ ಪಾಲು ಕಡಿಮೆ. ಆಮ್ಲವನ್ನು ಅಳೆಯಲು ಬೋರಾನ್ ಇದೆ. ಸಂಯುಕ್ತ ಅರಬ್ ಸಂಸ್ಥಾನದ ಸುಣ್ಣಕಲ್ಲಿನಿಂದ ಒಂದು ಗುಂಪು, ಆಲ್ಪ್ಸ್ ಪರ್ವತದ ಬ್ರಾಕಿಯೊಪಾಡು ಚಿಪ್ಪಿನಿಂದ ಇನ್ನೊಂದು ಗುಂಪು ಆ ಲೆಕ್ಕ ಹಾಕಿವೆ.

ಕಲ್ಲಿದ್ದಲು ನಿಜವಾಗಿ ಉರಿಯಿತೇ ಎಂಬುದಕ್ಕೂ ಸಾಕ್ಷಿ ಇದೆ. 2011ರಲ್ಲಿ ಸ್ಟೀಫನ್ ಗ್ರಾಸ್ಬಿ ಮತ್ತು ಜೊತೆಗಾರರು ಕೆನಡಾದ ಆರ್ಕ್ಟಿಕ್ ಪ್ರದೇಶದ ಬಂಡೆಯಲ್ಲಿ, ಅಳಿವಿನ ಗಡಿಗಿಂತ ತುಸು ಕೆಳಗೆ, ಸೂಕ್ಷ್ಮ ಇದ್ದಿಲಿನ ಕಣಗಳನ್ನು ಕಂಡರು. ಅವು ಈಗಿನ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಹೋಲುತ್ತಿದ್ದವು. ಹಾರುಬೂದಿ ಏನೆಂದು ಶಕ್ತಿನಗರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2020ರಲ್ಲಿ ಲಿಂಡಾ ಎಲ್ಕಿನ್ಸ್-ಟ್ಯಾಂಟನ್ ತಂಡ ಸೈಬೀರಿಯಾದ ಜ್ವಾಲಾಮುಖಿ ಕಲ್ಲಿನೊಳಗೇ ಸುಟ್ಟ ಕಲ್ಲಿದ್ದಲನ್ನು ತೋರಿಸಿತು.

ಒಂದು ಎಚ್ಚರಿಕೆ. ಸಮುದ್ರದ ಎಲ್ಲ ಅಳಿವುಗಳೂ ಬಿಸಿಯಿಂದಲೇ ಆದವೆಂದು ತಿಳಿಯಬೇಡಿ. ಸುಮಾರು 44 ಕೋಟಿ ವರ್ಷ ಹಿಂದೆ ಆರ್ಡೊವಿಶಿಯನ್ ಅವಧಿಯ ಕೊನೆಯಲ್ಲಿ ಉಲ್ಟಾ ನಡೆಯಿತು. ಈಗಿನ ಸಹಾರಾ ಆಗ ದಕ್ಷಿಣ ಧ್ರುವದ ಬಳಿಯಿತ್ತು, ಹಿಮದಡಿ ಹೂತಿತ್ತು. ನೀರೆಲ್ಲ ಹಿಮವಾಗಿ ಸಮುದ್ರ ಇಳಿದು, ಆಳವಿಲ್ಲದ ಬೆಚ್ಚನೆಯ ಕಡಲುಗಳು ಬತ್ತಿದವು. 5 ಕೋಟಿ 60 ಲಕ್ಷ ವರ್ಷ ಹಿಂದೆ ಭೂಮಿ ಐದಾರು ಡಿಗ್ರಿ ಕಾದಾಗ ಆಳಸಮುದ್ರದ ತಳದಲ್ಲಿದ್ದ ಫೊರಾಮಿನಿಫೆರ ಎಂಬ ಏಕಕೋಶ ಜೀವಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಪ್ರಭೇದಗಳು ಅಳಿದವು, ಮೇಲ್ಪದರದಲ್ಲಿದ್ದ ಅವುಗಳ ನೆಂಟರು ಹೆಚ್ಚು ನಷ್ಟವಿಲ್ಲದೆ ಪಾರಾದರು. ಬಿಸಿಯಾದಾಗಲೂ ಪ್ರತಿ ಸಲ ಒಂದೇ ಮಂದಿ ಸಾಯುವುದಿಲ್ಲ.

ನಮ್ಮ ಡೆಕ್ಕನ್ ಟ್ರ್ಯಾಪ್ ಯಾಕೆ ಅಷ್ಟು ಕೆಡುಕು ಮಾಡಲಿಲ್ಲ ಎಂದು ನೀವು ಮುಂದೆ ಕೇಳಬಹುದು. 6 ಕೋಟಿ 60 ಲಕ್ಷ ವರ್ಷ ಹಿಂದೆ ಅದೂ ಉಕ್ಕುತ್ತಿತ್ತು, ಡೈನೊಸಾರುಗಳು ಅಳಿದದ್ದೂ ಆಗಲೇ. ಆದರೆ ಆ ಅಳಿವಿನ ಮುಖ್ಯ ಆರೋಪಿ ಮೆಕ್ಸಿಕೊದ ಚಿಕ್ಸುಲುಬ್ ಎಂಬಲ್ಲಿ ಬಿದ್ದ ಕ್ಷುದ್ರಗ್ರಹ. ಡೆಕ್ಕನ್‌ನ ಪಾತ್ರ ಎಷ್ಟು ಎಂಬ ಜಗಳ ಇನ್ನೂ ನಿಂತಿಲ್ಲ. ಡೆಕ್ಕನ್‌ನ ಲಾವಾ ಹೆಚ್ಚಿನ ಕಡೆ ಹಳೆಯ ಗಟ್ಟಿ ಬಂಡೆಯ ಮೇಲೆ ಹರಿಯಿತು, ಸೈಬೀರಿಯಾದಂತೆ ಕಲ್ಲಿದ್ದಲು, ಉಪ್ಪುಗಳ ಉಗ್ರಾಣಕ್ಕೆ ನುಗ್ಗಲಿಲ್ಲ ಎಂಬ ವಾದ ನನಗೆ ಸರಿ ಕಾಣುತ್ತದೆ. ಎಷ್ಟು ಬೆಂಕಿ ಎನ್ನುವುದಕ್ಕಿಂತ ಬೆಂಕಿ ಏನನ್ನು ಸುಟ್ಟಿತು ಎನ್ನುವುದು ದೊಡ್ಡದು. ನಮ್ಮ ಪಾಲಿಗೆ ಆ ಲಾವಾ ಎರೆಮಣ್ಣನ್ನೂ ಗೋಳಗುಮ್ಮಟಕ್ಕೆ ಕಲ್ಲನ್ನೂ ಕೊಟ್ಟಿತು.

ಇವತ್ತಿನ ಸಮುದ್ರ ಪರ್ಮಿಯನ್ನಿನ ಸಮುದ್ರವಲ್ಲ. 1960ರಿಂದ ಈಚೆಗೆ ಅದು ಕಳೆದುಕೊಂಡ ಆಮ್ಲಜನಕ ನೂರಕ್ಕೆ ಎರಡರಷ್ಟು, ಮುಕ್ಕಾಲು ಭಾಗವಲ್ಲ. ಆದರೂ ಉಸಿರುಗಟ್ಟಿದ ನೀರು ಹೇಗಿರುತ್ತದೆಂದು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ ಸಾವಿರ ಮೀಟರ್ ದಾಟುವವರೆಗೆ ಆಮ್ಲಜನಕ ತೀರಾ ಕಡಿಮೆಯಿರುವ ಪದರವಿದೆ, ಜಗತ್ತಿನಲ್ಲೇ ಅತಿ ದಪ್ಪನೆಯವುಗಳಲ್ಲಿ ಒಂದು. ಮುಂಗಾರಿನ ಕಾಲದಲ್ಲಿ ಕರಾವಳಿಯ ಉದ್ದಕ್ಕೂ ಕೆಳಗಿನ ನೀರು ದಡದ ಕಡೆಗೆ ಮೇಲೇರುತ್ತದೆ. ಮಳೆಯ ಸಿಹಿನೀರು ಅದರ ಮೇಲೆ ಮುಚ್ಚಳದಂತೆ ಕೂರುತ್ತದೆ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಂತೆ, ಮಳೆಗಾಲದ ಕೊನೆಯ ಹೊತ್ತಿಗೆ ಪಶ್ಚಿಮ ಕರಾವಳಿಯ ಆಳವಿಲ್ಲದ ನೀರಿನ ತಳದಲ್ಲಿ ಆಮ್ಲಜನಕ ಮುಗಿದು ಹೈಡ್ರೋಜನ್ ಸಲ್ಫೈಡ್ ಕೂಡ ಕಾಣಿಸಿಕೊಳ್ಳುತ್ತದೆ. ಹಿಂಗಾರು ಶುರುವಾದಾಗ ನೀರು ಮತ್ತೆ ತಿಳಿಯಾಗುತ್ತದೆ. ವರ್ಷಕ್ಕೊಮ್ಮೆ ಬಂದು ಹೋಗುವ ಈ ಸ್ಥಿತಿ ಪರ್ಮಿಯನ್ನಿನ ಕೊನೆಯಲ್ಲಿ ಬಂದು ಹೋಗದೆ ನಿಂತಿತು. ವ್ಯತ್ಯಾಸ ಅಷ್ಟೇ, ಆದರೆ ಅದು ಬಹಳ ದೊಡ್ಡ ವ್ಯತ್ಯಾಸ.

ನಿಮಗೆ ಒಂದು ಕೆಲಸ ಕೊಡುತ್ತೇನೆ. ಬರುವ ಏಪ್ರಿಲ್‌ನಲ್ಲಿ ನಿಮ್ಮೂರ ಕೆರೆಗೆ ಮಧ್ಯಾಹ್ನ ಹೋಗಬೇಡಿ, ಬೆಳಗಿನ ಜಾವ ಐದೂವರೆಗೆ ಹೋಗಿ. ಹಗಲಲ್ಲಿ ಬಿಸಿಲಿಗೆ ಆಮ್ಲಜನಕ ಮಾಡುವ ಪಾಚಿಯೇ ರಾತ್ರಿಯೆಲ್ಲ ಅದನ್ನು ಉಣ್ಣುತ್ತದೆ. ಆಮ್ಲಜನಕ ಅತಿ ಕಡಿಮೆ ಇರುವುದು ಸೂರ್ಯ ಹುಟ್ಟುವ ಹೊತ್ತಿಗೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದರೆ ಅವು ನೀರಿನ ಅತಿ ಮೇಲಿನ, ಗಾಳಿ ತಾಗಿದ ತೆಳು ಪದರದಿಂದ ಉಸಿರು ಹೆಕ್ಕುತ್ತಿವೆ ಎಂದರ್ಥ. ಒಂದು ಥರ್ಮಾಮೀಟರ್ ಒಯ್ದು ಮೇಲಿನ ನೀರಿನದೂ ಹಗ್ಗ ಕಟ್ಟಿ ಇಳಿಸಿದ ಬಾಟಲಿಯಲ್ಲಿ ತಂದ ತಳದ ನೀರಿನದೂ ಬಿಸಿ ಅಳೆದು, ಹದಿನೈದು ದಿನ ಬರೆದಿಟ್ಟು ನಮಗೆ ಕಳಿಸಿ.